ಸೈರನ್ ಕೂಗುವ ಮೊದಲು ಎದ್ದ ತಪ್ಪಿಗೆ

ಶಾಲಾ ಸುರಕ್ಷತಾ ಕಲಿಕೆಯ ಪ್ರಾದೇಶಿಕ ನಿರ್ದೇಶಕರಿಗೆ, ಪಿಚಿಲ್ಕೊ ಶಾಲೆಯ ಅಡುಗೆಮನೆಯಿಂದ.

ಅಂಕ ಕಳೆಯುವ ಅಧಿಕಾರವುಳ್ಳ ಮಾನ್ಯರೇ,

ಭೂಕಂಪವಾದ ಆ ಬುಧವಾರ ನಮ್ಮ ಶಾಲೆಯ ಇಪ್ಪತ್ತಮೂರು ಮಕ್ಕಳು ಸೈರನ್ ಕೂಗುವ ಮೊದಲೇ ಎದ್ದು ಗುಡ್ಡ ಹತ್ತಿದರು. ಅದು ತಪ್ಪೆಂದು ನಿಮ್ಮ ಕಚೇರಿ ತಲೆಗೆ ಹತ್ತರಂತೆ ಇನ್ನೂರ ಮೂವತ್ತು ಅಂಕ ಕಳೆದಿದೆ. ‘ಗುಡ್ಡದ ವೀರರು’ ಎಂಬ ನಿಮ್ಮ ಆಟದಲ್ಲಿ ಮೂರನೆಯ ಸ್ಥಾನದಲ್ಲಿದ್ದ ನಮ್ಮ ಶಾಲೆ ಈಗ ಎಲ್ಲರಿಗಿಂತ ಕೆಳಗಿದೆ. ಮಕ್ಕಳು ಎದ್ದುಹೋದ ಕೋಣೆಯೊಳಗೆ ಸ್ವಲ್ಪ ಹೊತ್ತಿಗೆಲ್ಲ ಕಿಟಕಿಯ ಮಟ್ಟಕ್ಕೆ ಕಡಲು ನಿಂತಿತ್ತು ಎಂಬುದು ನಿಮ್ಮ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಆ ದಿನ ಸೈರನ್ ಕೂಗಲೇ ಇಲ್ಲ ಎಂಬುದೂ ಇಲ್ಲ.

ಅಂಕ ವಾಪಸು ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಅಂಕ ಹೋದರೆ ಹೋಗಲಿ. ಬರುವ ಮಾರ್ಚಿನಲ್ಲಿ ಶಾಲೆಗಳು ತೆರೆಯುವಾಗ ಇದೇ ಆಟ, ಇದೇ ನಿಯಮಗಳೊಂದಿಗೆ, ಕರಾವಳಿಯ ಇನ್ನೂ ಅರವತ್ತು ಶಾಲೆಗಳಿಗೆ ಹೋಗಲಿದೆ ಎಂದು ನೀವು ರೇಡಿಯೊದಲ್ಲಿ ಹೇಳಿದ್ದನ್ನು ಕೇಳಿದೆ. ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟೆ. ನನಗೆ ಹೆದರಿಕೆಯಾಗಿದೆ, ಮಾನ್ಯರೇ. ಅರವತ್ತೊಂದು ವರ್ಷದಲ್ಲಿ ಕಡಲನ್ನು ಬಹಳ ಸಲ ನೋಡಿ ಹೆದರಿದ್ದೇನೆ, ಆದರೆ ಒಂದು ಕಾಗದದ ಐದನೆಯ ಸಾಲಿಗೆ ಹೆದರಿದ್ದು ಇದೇ ಮೊದಲು.

ನಾನು ಯಾರೆಂದು ಹೇಳಿಬಿಡುತ್ತೇನೆ. ನನ್ನ ಹೆಸರು ಒತೀಲಿಯಾ ಕರ್ವಾಚೊ. ಹತ್ತೊಂಬತ್ತು ವರ್ಷದಿಂದ ಪಿಚಿಲ್ಕೊ ಶಾಲೆಯ ಮಕ್ಕಳಿಗೆ ಅಡುಗೆ ಮಾಡುತ್ತಿದ್ದೇನೆ. ಅದಕ್ಕೆ ಮುಂಚೆ ನಮ್ಮ ಮನೆಯವರೆಲ್ಲರಂತೆ ಬಂಡೆಗಳ ಮೇಲಿಂದ ಕಡಲ ಪಾಚಿ ಕೊಯ್ದು, ಒಣಗಿಸಿ, ಕಟ್ಟು ಕಟ್ಟಿ ಮಾರುತ್ತಿದ್ದೆ. ಶಾಲೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಇಬ್ಬರು ಮೇಷ್ಟರು. ದೊಡ್ಡ ಮೇಷ್ಟರು ಅಲಾಮಿರೊ ಅವರಿಗೆ ನಿವೃತ್ತಿ ಹತ್ತಿರವಾಗಿದೆ. ಚಿಕ್ಕವಳು ಯೆಸೆನಿಯಾ, ಬಂದು ಎರಡು ವರ್ಷ. ನಮ್ಮ ಮಕ್ಕಳು ಶಾಲೆಯಲ್ಲಿರುವ ಹೆಂಗಸರನ್ನೆಲ್ಲ ಅತ್ತೆ ಎಂದೇ ಕರೆಯುವುದು, ಹಾಗಾಗಿ ಪಾಠ ಹೇಳುವ ಅವಳೂ ಅತ್ತೆ, ಪಾತ್ರೆ ತೊಳೆಯುವ ನಾನೂ ಅತ್ತೆ. ಒಬ್ಬಳು ಮಾತ್ರ ನನ್ನನ್ನು ಅಜ್ಜಿ ಎನ್ನುತ್ತಾಳೆ. ಅವಳು ರಯೆನ್, ನನ್ನ ಮಗಳ ಮಗಳು, ಏಳು ವರ್ಷ. ಈ ಪತ್ರದಲ್ಲಿ ನಾನು ಎಲ್ಲಾದರೂ ದನಿ ಏರಿಸಿದರೆ ಅವಳ ಕಾರಣಕ್ಕೆ ಎಂದುಕೊಂಡು ಕ್ಷಮಿಸಿ. ಕ್ಷಮಿಸದಿದ್ದರೂ ನಡೆಯುತ್ತದೆ.

ಮೊದಲು ನಿಮ್ಮ ಆಟದ ಒಳ್ಳೆಯದನ್ನು ಹೇಳಬೇಕು, ಇಲ್ಲದಿದ್ದರೆ ನನ್ನ ಅನ್ನಕ್ಕೆ ಮೋಸ. ಆಟ ಬರುವ ಮೊದಲು ನಮ್ಮಲ್ಲಿ ಕಡಲು ಉಕ್ಕಿದರೆ ಗುಡ್ಡಕ್ಕೆ ಓಡುವ ಅಣಕು ಕಸರತ್ತು ವರ್ಷಕ್ಕೆ ಎರಡು ಸಲ ನಡೆಯುತ್ತಿತ್ತು. ಅಲಾಮಿರೊ ಮೇಷ್ಟರು ಗಂಟೆ ಬಾರಿಸುತ್ತಿದ್ದರು, ಮಕ್ಕಳು ಆಕಳಿಸುತ್ತ ಎದ್ದು ಅಡುಗೆಮನೆಯ ಕಿಟಕಿಯಲ್ಲಿ ತಲೆಹಾಕಿ ಊಟ ತಡವಾಗುತ್ತದೆಯೇ ಎಂದು ಕೇಳಿ, ಗೋಲಿಯಾಡುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಅರ್ಧ ಗುಡ್ಡ ಹತ್ತಿ ಇಳಿಯುತ್ತಿದ್ದರು. ಆಮೇಲೆ ನಿಮ್ಮ ವ್ಯಾನ್ ಬಂತು. ಬಣ್ಣದ ಅಂಗಿಯ ಹುಡುಗ ಹುಡುಗಿಯರು ಇಳಿದರು, ಗೋಡೆಗೆ ನಕ್ಷತ್ರದ ಹಲಗೆ ಹೊಡೆದರು, ಒಂದು ಟ್ಯಾಬ್ ಕೊಟ್ಟರು, ಮಕ್ಕಳನ್ನು ಏಡಿ, ಪೆಲಿಕನ್, ಕಡಲಸಿಂಹ ಎಂದು ಮೂರು ತಂಡ ಮಾಡಿದರು. ವರ್ಷದ ಕೊನೆಗೆ ಮೊದಲ ಸ್ಥಾನ ಪಡೆದ ಶಾಲೆಗೆ ರಾಜಧಾನಿಯ ಪ್ರವಾಸ ಎಂದರು. ನೆಲದ ಕೆಳಗೆ ಓಡುವ ರೈಲು ಹತ್ತಿಸುತ್ತಾರಂತೆ ಎಂದು ನಮ್ಮ ಮಕ್ಕಳು ವಾರಗಟ್ಟಲೆ ಅದೇ ಮಾತಾಡಿದರು.

ಮತ್ತು ಅವರು ಕಲಿತರು. ನಾನು ಕಣ್ಣಾರೆ ಕಂಡಿದ್ದೇನೆ. ಪ್ರಾರ್ಥನಾ ಮಂದಿರದ ಪಕ್ಕದ ಮೆಟ್ಟಿಲುಗಳು ನೂರ ನಲವತ್ತೊಂದು ಎಂದು ಎಣಿಸಿದರು. ಅದನ್ನು ಹತ್ತಲು ಎಷ್ಟು ಹೊತ್ತು, ಚಿಕ್ಕವರ ಕೈಹಿಡಿದರೆ ಎಷ್ಟು ಹೊತ್ತು ಎಂದು ಭಾಗಾಕಾರ ಮಾಡಿದರು. ತರಗತಿಯಲ್ಲಿ ಬಾಯಿ ಬಿಡದ ನನ್ನ ರಯೆನ್, ಊರಿನ ನಕ್ಷೆ ಬರೆದು ನೀರು ಎಲ್ಲಿಂದ ನುಗ್ಗುತ್ತದೆ, ಯಾವ ಓಣಿಗೆ ಮುಂದೆ ದಾರಿಯಿಲ್ಲ ಎಂದು ಬೆರಳಿಟ್ಟು ತೋರಿಸುವಂತಾದಳು. ಹನ್ನೊಂದು ಸಲ ಕಸರತ್ತು ನಡೆಯಿತು, ಹನ್ನೊಂದು ಸಲವೂ ಗೋಲಿಯಿಲ್ಲ, ತಳ್ಳಾಟವಿಲ್ಲ. ಆಟದಿಂದ ಮಕ್ಕಳು ಕಲಿಯುತ್ತಾರೆ ಎಂಬುದನ್ನು ನೀವು ನನಗೆ ಸಾಬೀತು ಮಾಡಬೇಕಾಗಿಲ್ಲ. ಅವರು ಬಹಳ ಚೆನ್ನಾಗಿ ಕಲಿಯುತ್ತಾರೆ. ನನ್ನ ಹೆದರಿಕೆಗೆ ಕಾರಣವೇ ಅದು. ಆಟದಲ್ಲಿ ನೀವು ಏನಿಟ್ಟಿದ್ದೀರೋ ಅಷ್ಟನ್ನೂ ಕಲಿಯುತ್ತಾರೆ, ನೀವು ಇಟ್ಟಿದ್ದೇವೆಂದು ಅರಿಯದೆ ಇಟ್ಟಿದ್ದನ್ನೂ ಕಲಿಯುತ್ತಾರೆ.

ಐದನೆಯ ನಿಯಮಕ್ಕೆ ಬರುತ್ತೇನೆ. ‘ಸೈರನ್‌ಗೆ ಮೊದಲು ಸ್ಥಾನ ಬಿಟ್ಟ ಪ್ರತಿ ಆಟಗಾರನಿಗೆ ಹತ್ತು ಅಂಕ ಕಡಿತ.’ ಇದನ್ನು ಏಕೆ ಹಾಕಿದಿರಿ ಎಂಬುದು ನನಗೆ ಗೊತ್ತು. ಈ ಹನ್ನೊಂದು ಕಸರತ್ತು ಶುರುವಾಗುವ ಮುಂಚೆ, ಮೊದಲ ತಿಂಗಳ ಅಭ್ಯಾಸದಲ್ಲಿ, ಏಡಿ ತಂಡದವರು ಬಾಗಿಲ ಬಳಿಯ ಬೆಂಚು ಹಿಡಿದು, ಸೈರನ್‌ಗೆ ಮುಂಚೆಯೇ ಕಂಬಿಕಿತ್ತು ಗೆದ್ದುಬಿಡುತ್ತಿದ್ದರು. ಉಳಿದ ತಂಡಗಳು ಗಲಾಟೆ ಮಾಡಿದವು. ಎಲ್ಲ ಶಾಲೆಗಳಲ್ಲೂ ಇದೇ ಕತೆಯಾಗಿರಬೇಕು. ಎಲ್ಲರಿಗೂ ಒಂದೇ ಕ್ಷಣದಲ್ಲಿ ಶುರುವಾಗದಿದ್ದರೆ ಯಾರು ಗೆದ್ದರೆಂದು ಹೇಳುವುದು ಹೇಗೆ? ನ್ಯಾಯವಾದ ಮಾತೇ. ಆಟಕ್ಕೆ ನ್ಯಾಯವಾದದ್ದು ಕಡಲಿಗೂ ನ್ಯಾಯವೇ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಿದರೇ? ಕಡಲು ಯಾರ ಜೊತೆ ಪಂದ್ಯಕ್ಕೆ ನಿಂತಿತ್ತು?

ಹನ್ನೊಂದು ಕಸರತ್ತಿನಲ್ಲೂ ಸೈರನ್ ಸದ್ದು ಬಂದದ್ದು ಯೆಸೆನಿಯಾಳ ಟ್ಯಾಬಿನಿಂದ. ಮೀನುಗಾರರ ಸಂಘದ ಕಟ್ಟಡದ ಮೇಲಿರುವ ಕಂಬದ ಸೈರನ್ ಒಮ್ಮೆಯೂ ಕೂಗಲಿಲ್ಲ. ಆದರೆ ಮಕ್ಕಳಿಗೆ ಹೇಳಿಕೊಟ್ಟದ್ದು ಮಾತ್ರ, ನಿಜವಾದ ದಿನ ಆ ಕಂಬ ಕೂಗುತ್ತದೆ, ಕೂಗಿದಾಗ ಎದ್ದೇಳಿ ಎಂದು. ಹನ್ನೊಂದು ಸಲ ಅವರು ಹತ್ತುವುದನ್ನು ಕಲಿತರು. ಹನ್ನೊಂದು ಸಲ ಕಾಯುವುದನ್ನೂ ಕಲಿತರು.

ಇನ್ನು ಆ ಬುಧವಾರದ ಮಾತು.

ಅಲಾಮಿರೊ ಮೇಷ್ಟರು ಅಂದು ಊರಿನಲ್ಲಿರಲಿಲ್ಲ. ಎಲ್ಲಿದ್ದರು ಎಂದರೆ ನಿಮ್ಮ ಕಚೇರಿಯಲ್ಲೇ, ಇದೇ ಆಟದ ಮುಂದಿನ ಹಂತದ ತರಬೇತಿಯಲ್ಲಿ. ಮಕ್ಕಳೆಲ್ಲ ಯೆಸೆನಿಯಾಳ ಕೋಣೆಯಲ್ಲೇ ಇದ್ದರು. ನಾನು ಶಾವಿಗೆ ಹಾಕಿದ ಕಾಳಿನ ಸಾರು ಇಳಿಸುವುದರಲ್ಲಿದ್ದೆ. ಮೊದಲು ಸದ್ದು ಬಂತು, ದೊಡ್ಡ ಲಾರಿಯೊಂದು ನೆಲದಡಿ ಹಾದುಹೋದ ಹಾಗೆ. ಆಮೇಲೆ ನೆಲ ಎದ್ದಿತು. ನಮ್ಮ ಕಡೆ ಸಣ್ಣಪುಟ್ಟ ನಡುಕಕ್ಕೆ ಯಾರೂ ಕೈಯಲ್ಲಿದ್ದ ಲೋಟ ಕೆಳಗಿಡುವುದಿಲ್ಲ, ಅದು ನಿಮಗೂ ಗೊತ್ತು. ಇದು ಹಾಗಿರಲಿಲ್ಲ. ನಿಲ್ಲಲು ಆಗಲಿಲ್ಲ. ಗ್ಯಾಸಿನ ಗುಂಡಿ ತಿರುಗಿಸಿ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡೆ. ಸಾರಿನ ಹಂಡೆ ನನ್ನ ಕಣ್ಣೆದುರೇ ಒಲೆಯಿಂದ ನಡೆದುಕೊಂಡು ಬಂದು ಉರುಳಿತು. ಎರಡು ನಿಮಿಷ ಅಂತ ಆಮೇಲೆ ರೇಡಿಯೊ ಹೇಳಿತು. ಎರಡು ನಿಮಿಷದಲ್ಲಿ ಮನುಷ್ಯ ಎಷ್ಟು ಹೆಸರು ಕೂಗಿ ದೇವರನ್ನು ಕರೆಯಬಹುದು ಎಂದು ರೇಡಿಯೊಗೆ ಗೊತ್ತಿಲ್ಲ.

ನಡುಕ ನಿಂತಿತು. ದೀಪ ಹೋಗಿತ್ತು, ನಾಯಿಗಳು ಬೊಗಳುತ್ತಿದ್ದವು. ಕಾಲಿಗೆ ಬಿಸಿ ಸಾರು ಸಿಡಿದು ಉರಿಯುತ್ತಿತ್ತು. ಬಟ್ಟೆ ಸುತ್ತಿಕೊಂಡು ಮಕ್ಕಳ ಹೆಜ್ಜೆ ಸದ್ದಿಗೆ ಕಿವಿಗೊಟ್ಟೆ. ಇಪ್ಪತ್ತಮೂರು ಮಕ್ಕಳು ಎದ್ದರೆ ಆ ಮರದ ನೆಲ ಗುಡುಗಿದಂತೆ ಸದ್ದು ಮಾಡುತ್ತದೆ. ಸದ್ದು ಬರಲಿಲ್ಲ. ಆಗಲೇ ಹೊರಟುಹೋಗಿದ್ದಾರೆ, ನನಗೇ ಕೇಳಿಸಲಿಲ್ಲ ಎಂದುಕೊಂಡೆ. ಗ್ಯಾಸ್ ವಾಸನೆ ಬರುತ್ತಿತ್ತು. ಸಿಲಿಂಡರಿನ ಕೊಳವೆ ಕಿತ್ತುಬಂದಿತ್ತು, ಅದನ್ನು ಬಿಗಿ ಮಾಡಿ, ಉರುಳಿದ ಕಪಾಟನ್ನು ದೂಡಿ ಹೊರಬರುವಷ್ಟರಲ್ಲಿ ಎಷ್ಟೋ ಹೊತ್ತಾಯಿತು. ಇದನ್ನು ನನ್ನ ತಪ್ಪೊಪ್ಪಿಗೆ ಎಂದೇ ಬರೆದುಕೊಳ್ಳಿ. ನಾನು ಮೊದಲು ಅಲ್ಲಿಗೆ ಓಡಬೇಕಿತ್ತು.

ಅಂಗಳ ದಾಟುವಾಗ ಮೆಟ್ಟಿಲ ಕಡೆ ನೋಡಿದೆ. ಊರಿನ ಹಿರಿಯರು ಕೆಲವರು ಆಗಲೇ ಹತ್ತುತ್ತಿದ್ದರು, ಯಾರೋ ಹೆಗಲ ಮೇಲೆ ಮುದುಕಿಯೊಬ್ಬಳನ್ನು ಹೊತ್ತಿದ್ದರು. ಮಕ್ಕಳ ಸಾಲು ಇರಲಿಲ್ಲ. ಕೋಣೆಯ ಬಾಗಿಲು ತೆರೆದೆ.

ಮಾನ್ಯರೇ, ನಿಮ್ಮ ಕೈಪಿಡಿಯ ಮೂರನೆಯ ಪುಟದಲ್ಲಿ ಒಂದು ಚಿತ್ರವಿದೆ: ಬೆಂಚುಗಳ ಕೆಳಗೆ ಮಂಡಿಯೂರಿ, ತಲೆಯ ಮೇಲೆ ಕೈ ಹೊತ್ತು, ಬಾಯಿ ಮುಚ್ಚಿ ಕೂತ ಮಕ್ಕಳು. ಅದೇ ಚಿತ್ರ ನನ್ನೆದುರಿಗಿತ್ತು. ಇಪ್ಪತ್ತಮೂರು ಮಕ್ಕಳು ಅಲುಗಾಡದೆ ಕೂತಿದ್ದರು. ಗೋಡೆಯ ಗಾರೆ ಉದುರಿ ಅವರ ತಲೆಗೂದಲು ಬೆಳ್ಳಗಾಗಿತ್ತು. ಯಾರೂ ಅಳುತ್ತಿರಲಿಲ್ಲ, ಏಕೆಂದರೆ ಮೌನಕ್ಕೆ ಐದು ಅಂಕವಿದೆ. ಎಲ್ಲರ ಮುಖವೂ ಒಂದೇ ಕಡೆ ತಿರುಗಿತ್ತು, ಕಿಟಕಿಯಾಚೆ ಕಾಣುವ ಸೈರನ್ ಕಂಬದ ಕಡೆ.

ಯೆಸೆನಿಯಾ ಕೋಣೆಯ ನಡುವೆ ಟ್ಯಾಬ್ ಹಿಡಿದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ತುರ್ತಿನ ಸಂದೇಶಕ್ಕೆ ಕಾಯುತ್ತಿದ್ದೇನೆ, ಸಿಗ್ನಲ್ ಇಲ್ಲ ಎಂದಳು. ಯಾಕೆ ಇನ್ನೂ ಕೂತಿದ್ದೀರಿ ಎಂದು ಕೇಳಿದೆ. ಅವಳು ನನ್ನನ್ನು ನೋಡಿದ ಆ ನೋಟವನ್ನು ನಾನು ಮರೆಯಲಾರೆ. ಅವಳಿಗೆ ಇಪ್ಪತ್ತಾರು ವರ್ಷ, ಮಾನ್ಯರೇ. ಒಳನಾಡಿನ ದ್ರಾಕ್ಷಿ ತೋಟದ ಊರಿನ ಹುಡುಗಿ. ಕಡಲ ಬಗ್ಗೆ ಅವಳಿಗೆ ಗೊತ್ತಿರುವುದೆಲ್ಲ ನೀವು ಹೇಳಿಕೊಟ್ಟದ್ದು.

“ಸೈರನ್ ಆಗ್ಲಿಲ್ಲವಲ್ಲ ಒತೀಲಿಯಮ್ಮ,” ಎಂದಳು. “ಆಗ್ಲಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ವಾ?”

ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ಬೈಯಲು ಸಮಯವೂ ಇರಲಿಲ್ಲ. ಮಕ್ಕಳೇ ಏಳಿ ಎಂದು ಕೂಗಿದೆ. ಯಾರೂ ಏಳಲಿಲ್ಲ. ಪೆಲಿಕನ್ ತಂಡದ ನಾಯಕಿ ಡಾಮಾರಿಸ್, ಹನ್ನೊಂದು ವರ್ಷದವಳು, ಬೆಂಚಿನಡಿಯಿಂದಲೇ ತನ್ನವರಿಗೆ ಪಿಸುಗುಟ್ಟುತ್ತಿದ್ದಳು, ಅತ್ತೆ ಪರೀಕ್ಷೆ ಮಾಡ್ತಿದ್ದಾರೆ, ಮೋಸ ಹೋಗ್ಬೇಡಿ ಎಂದು. ಅವಳ ಒಂದು ಕೈ ತಲೆಯ ಮೇಲಿತ್ತು. ಇನ್ನೊಂದು ಕೈ ನನ್ನ ರಯೆನ್‌ಳ ಕಣಕಾಲನ್ನು ಹಿಡಿದಿತ್ತು.

“ಅಜ್ಜೀ,” ಎಂದಳು ರಯೆನ್, “ನಾನು ಎದ್ದಿದ್ದೆ. ಇವ್ಳು ಬಿಡ್ತಿಲ್ಲ.”

“ಹತ್ತು ಹೋಗುತ್ತೆ ಕಣೇ, ಕೂತ್ಕೋ,” ಎಂದಳು ಡಾಮಾರಿಸ್.

ಡಾಮಾರಿಸ್ ಕೆಟ್ಟ ಹುಡುಗಿಯಲ್ಲ. ಊಟದಲ್ಲಿ ತನ್ನ ಪಾಲಿನ ಸೇಬನ್ನು ಚಿಕ್ಕವರಿಗೆ ಕೊಡುವವಳು. ಅವಳು ನಿಮ್ಮ ಅತ್ಯುತ್ತಮ ವಿದ್ಯಾರ್ಥಿನಿ. ಹೇಳಿಕೊಟ್ಟದ್ದನ್ನು ಅಕ್ಷರವೂ ಬಿಡದೆ ಕಲಿತವಳು. ಅವಳ ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸಬಹುದಿತ್ತು, ರಯೆನ್‌ಳನ್ನು ಎತ್ತಿಕೊಂಡು ಓಡಬಹುದಿತ್ತು. ಉಳಿದ ಇಪ್ಪತ್ತೆರಡು? ಅವರನ್ನು ಯಾರು ಎತ್ತುವುದು? ಅವರ ಅಪ್ಪಂದಿರು ದೋಣಿಯಲ್ಲಿದ್ದರು, ಅಮ್ಮಂದಿರು ಬಂಡೆಗಳ ಮೇಲಿಂದ ನೇರ ಗುಡ್ಡಕ್ಕೆ ಓಡುತ್ತಿದ್ದರು, ಮಕ್ಕಳು ಶಾಲೆಯವರ ಜೊತೆ ಆಗಲೇ ಮೇಲಿದ್ದಾರೆ ಎಂಬ ಧೈರ್ಯದಲ್ಲಿ. ನಿಮ್ಮ ಆಟವನ್ನು ನಂಬಿ.

ಆಗ ನಾನು ಒಂದು ಅಪರಾಧ ಮಾಡಿದೆ. ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿದೆ.

“ಕೇಳ್ರೋ,” ಎಂದೆ, “ಇವತ್ತು ನಿಯಮ ಬದಲಾಗಿದೆ. ಸೈರನ್‌ಗೆ ಮುಂಚೆ ಹೊರಟವರಿಗೆ ನೂರು ಅಂಕ. ತಲೆಗೆ ನೂರು.”

ಡಾಮಾರಿಸ್ ಬೆಂಚಿನಡಿಯಿಂದ ತಲೆ ಹೊರಹಾಕಿದಳು. “ಯಾರು ಹೇಳಿದ್ದು?”

“ನಿರ್ದೇಶಕರು. ಬೆಳಿಗ್ಗೆ ಫೋನ್ ಮಾಡಿದ್ರು. ನಾನು ಮರ್ತುಬಿಟ್ಟಿದ್ದೆ, ಮುದುಕಿ.”

ಮಕ್ಕಳೆಲ್ಲ ಯೆಸೆನಿಯಾಳ ಕಡೆ ನೋಡಿದರು. ಅವಳು ಟ್ಯಾಬನ್ನು ಎದೆಗೊತ್ತಿಕೊಂಡು ನನ್ನನ್ನು ನೋಡಿದಳು.

“ಹೌದು,” ಎಂದಳು. “ನೂರು.”

ಆಗ ಆ ಮರದ ನೆಲ ಗುಡುಗಿತು.

ಟ್ಯಾಬಿನಲ್ಲಿ ಗಡಿಯಾರ ಓಡುತ್ತಿತ್ತು, ಹಾಗಾಗಿ ಲೆಕ್ಕ ನನ್ನದಲ್ಲ, ನಿಮ್ಮದೇ. ನೆಲ ನಿಂತ ಮೇಲೆ ಮಕ್ಕಳು ಬೆಂಚಿನಡಿ ಕಾದದ್ದು ಒಂಬತ್ತು ನಿಮಿಷ. ಕೊನೆಯ ಮಗು ಮೆಟ್ಟಿಲ ಬುಡ ದಾಟಿದ ನಾಲ್ಕು ನಿಮಿಷಕ್ಕೆ ಅದೇ ಜಾಗದಲ್ಲಿ ನೀರಿತ್ತು. ನಾಲ್ಕು ನಿಮಿಷವೆಂದರೆ ಎಷ್ಟು ಎಂದು ನಾನು ಆಮೇಲೆ ಎಷ್ಟೋ ಸಲ ಅಳೆದು ನೋಡಿದ್ದೇನೆ. ಒಂದು ಕೆಟಲ್ ನೀರು ಕುದಿಯಲು ಅಷ್ಟು ಹೊತ್ತು ಬೇಕು. ಇನ್ನೊಂದು ಸಲ ಡಾಮಾರಿಸ್ “ಯಾರು ಹೇಳಿದ್ದು” ಎಂದು ಕೇಳಿದ್ದರೆ, ನನ್ನ ಕಾಲಿನ ಬೊಬ್ಬೆ ಇನ್ನೊಂದಿಷ್ಟು ದೊಡ್ಡದಾಗಿದ್ದರೆ, ಯೆಸೆನಿಯಾ ಪ್ರಾಮಾಣಿಕಳಾಗಿ ನನಗೆ ಗೊತ್ತಿಲ್ಲ ಎಂದಿದ್ದರೆ, ಆ ನಾಲ್ಕು ನಿಮಿಷವೂ ನಮಗೆ ಉಳಿಯುತ್ತಿರಲಿಲ್ಲ.

ಮೇಲಿಂದ ನಾವು ನೋಡಿದೆವು. ಕಡಲು ಹಿಂದೆ ಸರಿದು, ನಾನು ಹುಟ್ಟಿದಾಗಿನಿಂದ ಕಾಣದ ಬಂಡೆಗಳು ಪಾಚಿ ಜೋಲಾಡಿಸಿಕೊಂಡು ಬರಿಮೈಯಲ್ಲಿ ನಿಂತಿದ್ದವು. ಆಮೇಲೆ ಅದು ವಾಪಸು ಬಂತು. ಅಲೆಯಾಗಿ ಅಲ್ಲ, ಒಲೆಯ ಮೇಲಿನ ಹಾಲು ಉಕ್ಕುವ ಹಾಗೆ, ಅವಸರವಿಲ್ಲದೆ, ಎಲ್ಲ ಕಡೆಯಿಂದ. ದೋಣಿಗಳನ್ನು ಎತ್ತಿತು, ಬೇಲಿಯನ್ನು ಎತ್ತಿತು, ಶಾಲೆಯ ಬಾಗಿಲಿನಿಂದ ಒಳಹೋಗಿ ಕಿಟಕಿಗಳಿಂದ ಹೊರಬಂತು. ದೊಡ್ಡವರೆಲ್ಲ ಅಳುತ್ತಿದ್ದೆವು. ದೋಣಿಗಳಲ್ಲಿದ್ದ ಗಂಡಸರು ಹೊರಕಡಲಿಗೆ ದೋಣಿ ತಿರುಗಿಸಿಕೊಂಡು ಬದುಕುಳಿದರು ಎಂಬುದು ಸಂಜೆಯವರೆಗೆ ನಮಗೆ ತಿಳಿದಿರಲಿಲ್ಲ. ಮಕ್ಕಳು? ಮಕ್ಕಳು ಕುಣಿಯುತ್ತಿದ್ದರು. ತಮ್ಮ ಶಾಲೆಯನ್ನು ಕಡಲು ತೆಗೆದುಕೊಳ್ಳುತ್ತಿದ್ದಾಗ ಅದಕ್ಕೆ ಬೆನ್ನುಹಾಕಿ, ಕೈಕೈ ಹಿಡಿದು, ಎರಡು ಸಾವಿರದ ಮುನ್ನೂರು, ಎರಡು ಸಾವಿರದ ಮುನ್ನೂರು ಎಂದು ಹಾಡುತ್ತಿದ್ದರು. ಅಷ್ಟು ಭಯಂಕರವಾದ ಹಾಡನ್ನು ನಾನು ಕೇಳಿಲ್ಲ.

ನಮ್ಮಲ್ಲಿ ಯಾರೂ ಸಾಯಲಿಲ್ಲ. ನಿಮ್ಮ ವರದಿಯೂ ಅದನ್ನೇ ಹೇಳುತ್ತದೆ, ಆಟದ ಯಶಸ್ಸಿನ ಸಾಕ್ಷಿಯಾಗಿ. ಅದೇ ವರದಿಯ ಕೊನೆಯಲ್ಲಿ ಪಟ್ಟಿ, ಪಟ್ಟಿಯ ಕೊನೆಯಲ್ಲಿ ನಾವು. ಅಲಾಮಿರೊ ಮೇಷ್ಟರು ವಾಪಸಾದ ಮೇಲೆ ನಿಯಮದಂತೆ ಟ್ಯಾಬಿನಲ್ಲಿ ವಿವರ ತುಂಬಿದ್ದರು. ಅವರು ನನಗೆ ಹೇಳಿದ್ದು ಇಷ್ಟು: ಯಂತ್ರ ಕೇಳಿದ್ದು ಸೈರನ್‌ಗೆ ಮೊದಲೋ ಆಮೇಲೋ ಎಂದು ಮಾತ್ರ, ಸೈರನ್ ಇತ್ತೇ ಎಂದು ಕೇಳಲಿಲ್ಲ. ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಬಹಳ ಮರ್ಯಾದಸ್ಥ ಹುಡುಗನೊಬ್ಬ ಮಾತಾಡಿದ. ನಮ್ಮ ಕಷ್ಟಕ್ಕೆ ವಿಷಾದಿಸಿದ. ಸೈರನ್ ಕೆಟ್ಟಿದ್ದರೆ ಅದು ಬೇರೆ ವಿಭಾಗಕ್ಕೆ ಸೇರಿದ್ದು ಎಂದ. ಅಂಕದ ವಿಷಯಕ್ಕೆ ಮೇಲ್ಮನವಿ ಹಾಕಬಹುದು, ಆದರೆ ನಡೆದದ್ದು ಕಸರತ್ತಲ್ಲ, ನಿಜವಾದ ಘಟನೆ ಎಂದು ಗುರುತು ಮಾಡಲು ಅರ್ಜಿಯಲ್ಲಿ ಕಾಲಂ ಇಲ್ಲ ಎಂದ.

“ಅಮ್ಮ, ನೀವು ಬೇಜಾರು ಮಾಡ್ಕೋಬೇಡಿ,” ಎಂದ. “ನಿಯಮ ಎಲ್ಲಾ ಶಾಲೆಗೂ ಒಂದೇ.”

ನನ್ನ ಬೇಜಾರು ಇರುವುದೇ ಅಲ್ಲಿ, ಮಗನೇ ಎಂದು ಹೇಳಿ ಫೋನ್ ಇಟ್ಟೆ.

ನಾನು ಆಟದ ವೈರಿಯಲ್ಲ ಎಂದೆ. ಅದನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ. ನನಗೂ ಗುಡ್ಡ ಹತ್ತುವುದನ್ನು ಕಲಿಸಿದ್ದು ಆಟವೇ. ಬೇಸಿಗೆಯಲ್ಲಿ ಪಾಚಿ ಕೊಯ್ಯುವ ಮನೆಗಳೆಲ್ಲ ಬಂಡೆಗಳ ಬಳಿ ಗುಡಿಸಲು ಹಾಕಿಕೊಂಡು ಇರುತ್ತಿದ್ದೆವು. ನನ್ನ ಅಜ್ಜಿ ನಮ್ಮನ್ನು ಒಂದು ಆಟ ಆಡಿಸುತ್ತಿದ್ದಳು. ಯಾರು ಬೇಕಾದರೂ, ಯಾವಾಗ ಬೇಕಾದರೂ, ನಾಲ್ಕು ವರ್ಷದ ಕೂಸಾದರೂ ಸರಿ, ‘ಕಡಲು ಎದ್ದಿತು’ ಎಂದು ಕೂಗಬಹುದು. ಕೂಗು ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಅನ್ನ ಬಾಯಲ್ಲಿದ್ದರೂ ನುಂಗದೆ, ಎಲ್ಲರೂ ಮೇಲಿನ ಬೋಳು ದಿಬ್ಬಕ್ಕೆ ಓಡಬೇಕು. ದೊಡ್ಡವರೂ ಓಡಬೇಕು. ಮೇಲೆ ಹೋದವರಿಗೆಲ್ಲ ಅಜ್ಜಿ ಶಾಲಿನ ಗಂಟಿನಿಂದ ಒಂದೊಂದು ಮುಷ್ಟಿ ಹುರಿಹಿಟ್ಟು ಕೊಡುತ್ತಿದ್ದಳು, ಮೊದಲು ಬಂದವರಿಗೂ ಅಷ್ಟೇ, ಕೊನೆಗೆ ಬಂದವರಿಗೂ ಅಷ್ಟೇ. ಒಮ್ಮೆ ನನ್ನ ತಮ್ಮ ಹಿಟ್ಟಿನ ಆಸೆಗೆ ಒಂದೇ ದಿನ ಮೂರು ಸಲ ಕೂಗಿದ. ಮೂರನೆಯ ಸಲ ಚಿಕ್ಕಪ್ಪ ಅವನಿಗೆ ಹೊಡೆಯಲು ಕೈ ಎತ್ತಿದರು. ಅಜ್ಜಿ ಆ ಕೈ ಹಿಡಿದಳು.

“ಇವತ್ತು ಇವನಿಗೆ ಹೊಡೆದ್ರೆ,” ಎಂದಳು, “ನಾಳೆ ನಿಜವಾಗ್ಲೂ ನೋಡಿದ್ರೂ ಬಾಯಿ ಬಿಡಲ್ಲ ಕಣೋ.”

ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ನಿಮ್ಮ ಕೈಪಿಡಿಯ ಮೊದಲ ಪುಟದಲ್ಲಿ ಆಟವನ್ನು ರೂಪಿಸಿದ ಏಳು ಜನರ ಹೆಸರಿದೆ, ಹೆಸರಿನ ಮುಂದೆ ಅವರ ಪದವಿಗಳಿವೆ. ಅವರಲ್ಲಿ ಒಬ್ಬರಿಗಾದರೂ ಹೊಳೆಯದ ಮಾತು ಆ ಮುದುಕಿಗೆ ಹೇಗೆ ಹೊಳೆಯಿತು? ಅವಳು ಒಮ್ಮೆ ಕಡಲು ಎದ್ದದ್ದನ್ನು ನೋಡಿದ್ದಳು, ಅಷ್ಟೇ. ಮುಂಚೆ ಓಡಿದ್ದಕ್ಕೆ ಯಾರೂ ಸತ್ತದ್ದನ್ನು ಅವಳು ನೋಡಿರಲಿಲ್ಲ.

ಗದ್ದಲವಾಗುತ್ತದೆ, ನೂಕುನುಗ್ಗಲಾಗುತ್ತದೆ, ಶಿಸ್ತು ಕೆಡುತ್ತದೆ ಎಂದು ನೀವು ಹೇಳಬಹುದು. ದೊಡ್ಡ ಊರುಗಳ ಮುನ್ನೂರು ಮಕ್ಕಳ ಶಾಲೆಯಲ್ಲಿ ಅದು ನಿಜವಾದ ಚಿಂತೆಯೇ ಇರಬಹುದು. ಸಾಲಾಗಿ ಹೋದವರಿಗೆ ಅಂಕ ಕೊಡಿ, ಚಿಕ್ಕವರ ಕೈಹಿಡಿದವರಿಗೆ ಎರಡರಷ್ಟು ಕೊಡಿ, ಯಾರು ಬೇಡವೆಂದರು? ಆದರೆ ಕಾಲಡಿಯ ನೆಲ ಎರಡು ನಿಮಿಷ ಕುಣಿದ ಮೇಲೆ ಏಳಬೇಕೋ ಬೇಡವೋ ಎಂದು ಮಗು ಕಂಬವನ್ನು ಕೇಳುವಂತೆ ಮಾಡಿದ್ದೀರಲ್ಲ, ಆ ಕಂಬಕ್ಕೆ ಕರೆಂಟು ಕೊಡುವುದು ಯಾರು? ಅದರ ಬ್ಯಾಟರಿಯನ್ನು ಕೊನೆಯ ಸಲ ಮುಟ್ಟಿದ್ದು ಯಾರು? ನಿಮ್ಮದೇ ವಿಭಾಗದ್ದಲ್ಲದ ಒಂದು ಯಂತ್ರದ ಬಾಯಿಗೆ ನಮ್ಮ ಮಕ್ಕಳ ಉಸಿರನ್ನು ಕಟ್ಟಿದವರು ಯಾರು?

ನೀರು ಇಳಿದ ಮೇಲೆ ಕೆಸರು ಬಳಿದು, ಗೋಡೆ ತೊಳೆದು, ಐದು ವಾರಕ್ಕೆ ಅದೇ ಶಾಲೆಗೆ ವಾಪಸು ಹೋಗಿದ್ದೇವೆ. ಬೇರೆ ಕಟ್ಟಡ ಇಲ್ಲ. ಬೆಂಚುಗಳು ಇನ್ನೂ ಬಂದಿಲ್ಲ, ಮಕ್ಕಳು ಹಲಗೆಗಳ ಮೇಲೆ ಕೂತು ಬರೆಯುತ್ತಾರೆ. ನಿಮ್ಮ ಕಚೇರಿಯಿಂದ ಮಾತ್ರ ಎಲ್ಲರಿಗಿಂತ ಮೊದಲು ಪೊಟ್ಟಣ ಬಂತು: ಹೊಸ ಟ್ಯಾಬ್, ಹೊಸ ನಕ್ಷತ್ರದ ಹಲಗೆ. ಐದನೆಯ ನಿಯಮ ಹೊಸ ಹಲಗೆಯ ಮೇಲೂ ಕೆಂಪಕ್ಷರದಲ್ಲಿದೆ. ಕಂಬದ ಸೈರನ್ ದುರಸ್ತಿಯಾಗಿದೆಯಂತೆ. ನಾವಿನ್ನೂ ಅದರ ದನಿ ಕೇಳಿಲ್ಲ.

ಪಟ್ಟಿ ಬಂದ ದಿನ ಮಕ್ಕಳಿಗೆ ನನ್ನ ಸುಳ್ಳು ಗೊತ್ತಾಯಿತು. ಡಾಮಾರಿಸ್ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು, ಆಮೇಲೆ ಬಂದು ಈರುಳ್ಳಿ ಸುಲಿದುಕೊಟ್ಟಳು. ರಾಜಧಾನಿಯ ರೈಲಿನ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಇವೆಲ್ಲ ಕಾಲಕ್ಕೆ ಸರಿಹೋಗುತ್ತವೆ. ಸರಿಹೋಗದೆ ಉಳಿದದ್ದು ರಯೆನ್‌ಳ ಪ್ರಶ್ನೆ. ಅವಳ ತಲೆ ಬಾಚುತ್ತಿದ್ದಾಗ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದಳು.

“ಅಜ್ಜಿ, ನಾನು ಮೊದ್ಲು ಎದ್ದಿದ್ದಕ್ಕೇ ಅಂಕ ಹೋಗಿದ್ದಾ?”

ಅಲ್ಲ ಮಗಳೇ, ನೀನು ಎದ್ದದ್ದೇ ಸರಿ ಎಂದೆ. ಅವಳು ತಲೆಯಾಡಿಸಿದಳು. ಆದರೆ ನಾನು ಒಬ್ಬ ಅಡುಗೆಯವಳು, ಗೋಡೆಯ ಮೇಲಿರುವುದು ನಿರ್ದೇಶಕರ ಹಲಗೆ. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಮುದುಕಿಯ ಮಾತನ್ನು ಅವಳು ಎಷ್ಟು ನಂಬಿಯಾಳು? ಆ ದಿನದಿಂದ ಅವಳು ಯಾವುದಕ್ಕೂ ಮೊದಲು ಏಳುವುದಿಲ್ಲ. ಊಟದ ಸಾಲಿಗೂ ಇಲ್ಲ, ಆಟದ ಬಿಡುವಿಗೂ ಇಲ್ಲ. ಬೇರೆಯವರು ಎದ್ದರೇ ಎಂದು ನೋಡುತ್ತಾಳೆ, ಆಮೇಲೆ ಏಳುತ್ತಾಳೆ. ಇಪ್ಪತ್ತಮೂರು ಮಕ್ಕಳಲ್ಲಿ ಸರಿಯಾದ ಹೊತ್ತಿಗೆ ತಾನಾಗಿ ಎದ್ದದ್ದು ಅವಳೊಬ್ಬಳು. ನಿಮ್ಮ ಆಟ ಅವಳನ್ನು ತಿದ್ದಿದೆ.

ಕಳೆದ ಮಂಗಳವಾರ ಮತ್ತೆ ನಡುಗಿತು. ಸಣ್ಣದು, ಲೋಟದ ನೀರು ಕದಡುವಷ್ಟು. ಊಟದ ಹೊತ್ತು. ನಾನು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇಪ್ಪತ್ತಮೂರು ಚಮಚಗಳೂ ಒಟ್ಟಿಗೆ ನಿಂತವು. ಬಾಗಿಲು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ತೆರೆದೇ ಇತ್ತು. ಒಬ್ಬರೂ ಬಾಗಿಲ ಕಡೆ ನೋಡಲಿಲ್ಲ. ಎಲ್ಲರೂ ಕಿಟಕಿಯ ಕಡೆ ತಿರುಗಿದರು, ಕಂಬದ ಕಡೆ. ನನ್ನ ರಯೆನ್ ತಾನು ಕೂತ ಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು, ತನ್ನನ್ನು ತಾನೇ ಕೂರಿಸಿಕೊಳ್ಳುವ ಹಾಗೆ, ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ. ಇನ್ನು ಅವಳ ಕಾಲು ಹಿಡಿಯಲು ಡಾಮಾರಿಸ್ ಬೇಕಾಗಿಲ್ಲ.

ಆದ್ದರಿಂದ, ಮಾನ್ಯರೇ, ಐದನೆಯ ನಿಯಮವನ್ನು ತೆಗೆಯಿರಿ. ನಮ್ಮ ಶಾಲೆಯ ಹಲಗೆಯಿಂದಲೂ, ಮಾರ್ಚಿಗೆಂದು ನೀವು ಅಚ್ಚು ಹಾಕಿಸುತ್ತಿರುವ ಅರವತ್ತು ಹಲಗೆಗಳಿಂದಲೂ. ಅದರ ಜಾಗದಲ್ಲಿ, ನೆಲ ಜೋರಾಗಿ ನಡುಗಿದರೆ ಯಾರ ಅಪ್ಪಣೆಗೂ ಕಾಯದೆ ಮೊದಲು ಎದ್ದ ಮಗುವಿಗೆ ಹೆಚ್ಚು ಅಂಕ ಎಂದು ಬರೆಸಿ. ಆಮೇಲೆ ನೀವೇ ಪಿಚಿಲ್ಕೊಗೆ ಬನ್ನಿ, ಏಳು ವರ್ಷದ ಒಂದು ಹುಡುಗಿಯ ಎದುರು ಕೂತು, ನೀನು ಎದ್ದದ್ದೇ ಸರಿ ಎಂದು ನಿಮ್ಮ ಬಾಯಿಂದ ಹೇಳಿ. ಮಾರ್ಚಿನವರೆಗೆ ಕಾಯಬೇಡಿ. ಕಡಲಿಗೆ ನಿಮ್ಮ ವೇಳಾಪಟ್ಟಿ ಗೊತ್ತಿಲ್ಲ.

ಇಂತಿ,
ಪ್ರತಿ ಊಟಕ್ಕೂ ಬಾಗಿಲು ತೆರೆದಿಟ್ಟು ಅದರ ಪಕ್ಕದಲ್ಲೇ ನಿಂತು ಬಡಿಸುವ,
ನಿಮ್ಮ ಹೆಸರಿನಲ್ಲಿ ಇನ್ನೊಮ್ಮೆ ಸುಳ್ಳು ಹೇಳಿದರೆ ಯಾರೂ ನಂಬಲಾರರೆಂದು ಹೆದರಿರುವ,
ಒತೀಲಿಯಾ ಕರ್ವಾಚೊ,
ಅಡುಗೆಯವಳು, ಪಿಚಿಲ್ಕೊ ಶಾಲೆ